ಮೊಯ್ದು ಮುಕ್ರಿಯ ‘ಸಾಕು’

ಸುಂಟಿಕೊಪ್ಪದ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಕೆಳಗೆ, ಕಾಫಿ ತೋಟಗಳ ನಡುವೆ ಒಂದು ಚಿಕ್ಕ ಮಸೀದಿ ಇದೆ. ಅಲ್ಲಿ ಸೂಪಿಕ್ಕ ಮೊದಲ ಸಾಲಿನಲ್ಲಿ ನಿಂತು ನಮಾಝ್ ಮಾಡಿದ್ದನ್ನು ಕಂಡವರು ಯಾರೂ ಇರಲಿಲ್ಲ. ಸೋಮಾರಿತನ ಇದಕ್ಕೆ ಕಾರಣವಲ್ಲ. ಬಾಂಗ್ ಕೂಗುವ ಮೊದಲೇ ಬಂದು ಸೇರುವವರು ಅವರೊಬ್ಬರೇ. ಬಂದವರು ನೇರ ಹೌಳಿನ ಕಟ್ಟೆಯ ಮೇಲೆ ಕೂರುತ್ತಿದ್ದರು. ಹೌಳು ಎಂದರೆ ಮಸೀದಿಯ ಅಂಗಳದ ನೀರಿನ ತೊಟ್ಟಿ. ನಮಾಝಿಗೆ ನಿಲ್ಲುವ ಮುಂಚೆ ಕೈ, ಬಾಯಿ, ಮುಖ, ಕಾಲು ತೊಳೆದು ವುಳೂ ಮಾಡುವ ಜಾಗ. ಅಲ್ಲಿ ಕೂತ ಸೂಪಿಕ್ಕ ಏಳುವಷ್ಟರಲ್ಲಿ ಒಳಗೆ ನಮಾಝ್ ಅರ್ಧ ಮುಗಿದಿರುತ್ತಿತ್ತು. ಗಡ್ಡದಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಹೋಗಿ ಕೊನೆಯ ಸಾಲಿನಲ್ಲಿ, ಚಪ್ಪಲಿಗಳಿಗೆ ಹತ್ತಿರವಾಗಿ, ಸೇರಿಕೊಳ್ಳುತ್ತಿದ್ದರು.

ವುಳೂವಿನಲ್ಲಿ ಒಂದೊಂದು ಅಂಗವನ್ನು ಮೂರು ಸಲ ತೊಳೆಯುವುದು ಕ್ರಮ. ಸೂಪಿಕ್ಕನೂ ಮೂರೇ ಸಲ ತೊಳೆಯುತ್ತಿದ್ದರು. ಆಮೇಲೆ, ತೊಳೆದದ್ದು ಎರಡೇ ಸಲವೇನೋ ಅನ್ನಿಸುತ್ತಿತ್ತು. ಇನ್ನೊಮ್ಮೆ ತೊಳೆದರೆ ನಾಲ್ಕಾಯಿತೇನೋ ಎಂಬ ಯೋಚನೆ. ನಾಲ್ಕು ಸರಿಯಲ್ಲ. ಸರಿಯಲ್ಲದ ಮೇಲೆ ಮೊದಲಿನಿಂದ ಶುರು ಮಾಡುವುದೇ ಮರ್ಯಾದೆ. ಕಾಲಿಗೆ ಬರುವಾಗ ಕೈಯ ಬಗ್ಗೆ ಅನುಮಾನ, ಕೈ ಮುಗಿಸುವಾಗ ಮುಖದ ಬಗ್ಗೆ. ಈ ಕಾಯಿಲೆಗೆ ವಸ್ವಾಸ್ ಎಂದು ಹೆಸರು. ಶೈತಾನ ಕಿವಿಯಲ್ಲಿ ಬಿತ್ತುವ ಸಂಶಯ ಅದು. ದೇವರ ಭಯ ಜಾಸ್ತಿ ಇದ್ದವರನ್ನೇ ಅವನು ಹುಡುಕಿ ಹಿಡಿಯುತ್ತಾನಂತೆ. ಮಿಕ್ಕವರ ಮೇಲೆ ಅವನಿಗೆ ಅಷ್ಟು ಕೆಲಸ ಇರುವುದಿಲ್ಲ.

ಸೂಪಿಕ್ಕ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ರಿಟೈರ್ ಆದವರು. ಪಿಕಿಂಗ್ ಕಾಲದಲ್ಲಿ ಸಂಜೆ, ಆಳುಗಳು ಕೊಯ್ದು ತಂದ ಕಾಫಿ ಹಣ್ಣು ತೂಗುವಾಗ ಅವರು ಪ್ರತಿ ಚೀಲವನ್ನೂ ತೂಗಿ, ಇಳಿಸಿ, ಮತ್ತೆ ತೂಗುತ್ತಿದ್ದರು. ತೂಕದಲ್ಲಿ ಮೋಸವಾಯಿತೆಂದು ಲೈನ್ ಮನೆಗಳ ಆಳುಗಳು ಒಬ್ಬರೂ ದೂರಿದ್ದಿಲ್ಲ. ಮನೆ ಸೇರುವಾಗ ಕತ್ತಲಾಯಿತೆಂದು ಎಲ್ಲರೂ ದೂರಿದ್ದುಂಟು. ಅವರ ಹೆಂಡತಿ ಬೀಪಾತು ಹೇಳುವ ಪ್ರಕಾರ ಈ ಕಾಯಿಲೆ ಅದಕ್ಕೂ ಹಳೆಯದು. ಮದುವೆಯಾದ ದಿನ ಕೋಣೆಯ ಚಿಲಕ ಹಾಕಿ ಬಂದ ಗಂಡ, ಚಿಲಕ ಹಾಕಿದೆಯೋ ಇಲ್ಲವೋ ಎಂದು ನೋಡಲು ಎದ್ದು ಹೋದದ್ದನ್ನು ಆಕೆ ಮೊಮ್ಮಕ್ಕಳ ಎದುರಿಗೂ ಹೇಳುತ್ತಾಳೆ.

ಇಂಥವರನ್ನು ಹೌಳಿನ ಕಟ್ಟೆಯಿಂದ ಎಬ್ಬಿಸುವ ಶಕ್ತಿ ಇದ್ದದ್ದು ಮೊಯ್ದುವಿಗೆ ಮಾತ್ರ. ಮೊಯ್ದು ಮಸೀದಿಯ ಮುಕ್ರಿ. ಬಾಂಗ್ ಕೂಗುವುದು, ಗುಡಿಸುವುದು, ಪಂಪ್ ಹಾಕಿ ಹೌಳು ತುಂಬಿಸುವುದು, ಊರಿನ ಗಂಡಸರು ತೀರಿಕೊಂಡರೆ ಮಯ್ಯತ್ತಿಗೆ ಸ್ನಾನ ಮಾಡಿಸುವುದು ಎಲ್ಲ ಅವನದೇ. ಹೆಂಡತಿ ಸತ್ತಿದ್ದಳು, ಮಕ್ಕಳಿರಲಿಲ್ಲ. ಮಸೀದಿಯ ಪಕ್ಕದ ಕೋಣೆಯಲ್ಲೇ ವಾಸ. ಸೂಪಿಕ್ಕನೂ ಅವನೂ ಒಂದೇ ಮದ್ರಸದಲ್ಲಿ ಒಂದೇ ಬೆತ್ತದ ಪೆಟ್ಟು ತಿಂದವರು. ವುಳೂ ವಿಪರೀತಕ್ಕೆ ಹೋಗುವಾಗ ಮೊಯ್ದು ಬಂದು, ಪೊರಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತು, “ಸಾಕು ಸೂಪಿ. ಆಯ್ತು. ನಾನು ನೋಡಿದ್ದೀನಿ” ಎನ್ನುತ್ತಿದ್ದ.

ಇನ್ನೊಬ್ಬ ನೋಡಿದ್ದಾನೆ ಎಂದ ಮೇಲೆ ಸೂಪಿಕ್ಕನಿಗೆ ಒಂದು ಆಧಾರ ಸಿಕ್ಕಂತಾಗುತ್ತಿತ್ತು. ಎದ್ದು ಒಳಗೆ ಹೋಗುತ್ತಿದ್ದರು. ಆದರೆ ಮೊಯ್ದುವಿಗೂ ಬೇರೆ ಕೆಲಸ ಇರುತ್ತಿತ್ತು. ಅವನ ‘ಸಾಕು’ ಬರುವುದು ಯಾವಾಗಲೂ ಸ್ವಲ್ಪ ತಡವಾಗುತ್ತಿತ್ತು.

ಜನ ನಗುತ್ತಿದ್ದರು. ಸೂಪಿಕ್ಕನಿಗೆ ಅದು ನಗುವ ವಿಷಯವಾಗಿರಲಿಲ್ಲ. ಇಷ್ಟು ವರ್ಷ ಮಾಡಿದ ನಮಾಝಿನಲ್ಲಿ ಒಂದಾದರೂ ಸರಿಯಾಗಿದೆಯೋ ಇಲ್ಲವೋ ಎಂಬ ಭಯ ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಇಮಾಮರು ಕೈ ಎತ್ತಿ ‘ಅಲ್ಲಾಹು ಅಕ್ಬರ್’ ಎಂದು ನಮಾಝ್ ಶುರು ಮಾಡುವ ಮೊದಲ ತಕ್ಬೀರ್ ಹೇಳುವಾಗ ತಾನೂ ಜೊತೆಗೆ ಕೈ ಎತ್ತಬೇಕು, ಸಾಯುವುದರೊಳಗೆ ಒಮ್ಮೆಯಾದರೂ. ಈ ಆಸೆಯನ್ನು ಅವರು ಮೊಯ್ದುವಿನ ಹತ್ತಿರ ಮಾತ್ರ ಹೇಳಿಕೊಂಡಿದ್ದರು. ಮೊಯ್ದು, “ಹಾಗಾದ್ರೆ ಈಗ್ಲಿಂದ್ಲೇ ತೊಳೆಯಕ್ಕೆ ಶುರು ಮಾಡು” ಎಂದಿದ್ದ.

ಆ ವರ್ಷ ಹೂಮಳೆ ಕೈಕೊಟ್ಟಿತು. ಕಾಫಿ ಗಿಡಗಳು ಮೊಗ್ಗು ಹಿಡಿದು ಕಾದವು, ಮಳೆ ಬರಲಿಲ್ಲ. ಮಸೀದಿಯ ಬಾವಿಯಲ್ಲಿ ಕಲ್ಲು ಕಾಣತೊಡಗಿತು. ಅದೇ ಸಮಯಕ್ಕೆ, ನಮ್ಮ ಧರ್ಮ ಪರಿಸರದ ಬಗ್ಗೆ ಏನು ಹೇಳುತ್ತದೆಂದು ಪ್ರತಿ ಶುಕ್ರವಾರ ಜನರಿಗೆ ತಿಳಿಸಿಕೊಡಬೇಕೆಂದು ಮೇಲಿನವರಿಂದ ಮಸೀದಿಗಳಿಗೆ ಸೂಚನೆ ಬಂತು. ನಮಾಝಿಗೆ ಮುಂದೆ ನಿಂತು, ಶುಕ್ರವಾರ ಉಪದೇಶ ಮಾಡುವ ಖತೀಬರಾಗಿದ್ದ ಸ್ವಾಲಿಹ್ ಉಸ್ತಾದ್ ವಯಸ್ಸಿನಲ್ಲಿ ಚಿಕ್ಕವರು, ಉತ್ಸಾಹದಲ್ಲಿ ದೊಡ್ಡವರು.

ಮೊದಲ ಶುಕ್ರವಾರ ಮರದ ಬಗ್ಗೆ ಮಾತಾಡಿದರು. ಒಂದು ಗಿಡ ನೆಟ್ಟರೆ ಅದರ ಹಣ್ಣನ್ನು ಹಕ್ಕಿ ತಿಂದರೂ ನೆಟ್ಟವನಿಗೆ ದಾನದ ಪುಣ್ಯ ಎಂದು ಕೇಳಿದ್ದೇ ತಡ, ಊರಿನವರು ನರ್ಸರಿಗೆ ಹೋಗಿ ಸಿಲ್ವರ್ ಓಕ್, ಹಲಸು, ನೇರಳೆ ಎಲ್ಲ ತಂದರು. ತಮ್ಮ ತೋಟದಲ್ಲಿ ಜಾಗ ಇಲ್ಲದ್ದರಿಂದ ಎಲ್ಲರೂ ಖಬರಸ್ತಾನದಲ್ಲೇ ನೆಟ್ಟರು. ಗೋರಿ ತೋಡಲು ಜಾಗ ಉಳಿಯಲಿಲ್ಲ ಎಂಬುದು ಮೊಯ್ದುವಿನ ಕಣ್ಣಿಗೆ ಮಾತ್ರ ಬಿತ್ತು. “ಪುಣ್ಯ ಜಾಸ್ತಿಯಾಯ್ತು ಉಸ್ತಾದೇ, ಇನ್ನು ಊರಲ್ಲಿ ಯಾರೂ ಸಾಯೋ ಹಾಗಿಲ್ಲ” ಎಂದ. ಎರಡನೇ ಶುಕ್ರವಾರ ಪ್ಲಾಸ್ಟಿಕ್ಕಿನ ವಿಷಯ. ಅದನ್ನು ಎಲ್ಲರೂ ಒಪ್ಪಿದರು, ಒಪ್ಪಿ ಪ್ಲಾಸ್ಟಿಕ್ ಕಪ್ಪಿನಲ್ಲಿ ಶರಬತ್ತು ಕುಡಿದು ಮನೆಗೆ ಹೋದರು.

ಮೂರನೇ ಶುಕ್ರವಾರ ನೀರು.

ಸೂಪಿಕ್ಕ ಕಂಬಕ್ಕೆ ಒರಗಿ ಕೂತಿದ್ದರು. ಮಸೀದಿಯ ನೀರು ಇಡೀ ಊರು ನಂಬಿ ಒಪ್ಪಿಸಿದ ಅಮಾನತ್ತು, ಒಬ್ಬ ಅದನ್ನು ಪೋಲು ಮಾಡಿದರೆ ಎಲ್ಲರ ಪಾಲನ್ನು ಚೆಲ್ಲಿದಂತೆ, ವುಳೂವಿನ ಹೆಸರಿನಲ್ಲಿ ಮಾಡಿದರೂ ತಪ್ಪು ತಪ್ಪೇ ಎಂದು ಉಸ್ತಾದ್ ಹೇಳಿದರು. ಒಬ್ಬರೂ ಸೂಪಿಕ್ಕನ ಕಡೆ ತಿರುಗಲಿಲ್ಲ. ಅಷ್ಟು ಜನ ಅಷ್ಟು ಕಷ್ಟಪಟ್ಟು ತನ್ನ ಕಡೆ ನೋಡದೆ ಇರುವುದನ್ನು ಸೂಪಿಕ್ಕ ಜೀವನದಲ್ಲಿ ಕಂಡಿರಲಿಲ್ಲ. ಕಿವಿ ಬಿಸಿಯಾಯಿತು. ಅವಮಾನದ ಬೆನ್ನಿಗೇ, ಎಡಗಾಲಿನ ಹಿಮ್ಮಡಿ ಒದ್ದೆಯಾಗಿತ್ತೋ ಇಲ್ಲವೋ ಎಂಬ ಸಂಶಯವೂ ಬಂತು. ಮೆಲ್ಲಗೆ ಎದ್ದು ಹೊರಗೆ ಹೋದರು. ವುಳೂ ಮತ್ತೆ ಮಾಡಿ ಮುಗಿಸಿ ಒಳಗೆ ಬರುವಷ್ಟರಲ್ಲಿ ಉಪದೇಶದ ಉಳಿದ ಅರ್ಧ ಮುಗಿದುಹೋಗಿತ್ತು.

ಆ ಉಳಿದರ್ಧ ತಪ್ಪಿದ್ದು ಅವರನ್ನು ಎಲ್ಲಿಗೆ ಕಳಿಸೀತೆಂದು ಯಾರಿಗೂ ಅಂದಾಜಿರಲಿಲ್ಲ.

ಕೇಳಿದ ಅರ್ಧವನ್ನು ಸೂಪಿಕ್ಕ ಮನೆಗೆ ಹೋಗಿ ಬಹಳ ಯೋಚಿಸಿದರು. ಮಸೀದಿಯ ನೀರು ಊರಿನದು, ಸರಿ. ಮನೆಯ ನೀರು ಬೀಪಾತುವಿನದು. ಅದನ್ನು ಮುಟ್ಟಿದರೆ ಆಕೆ ಸುಮ್ಮನಿರುವುದಿಲ್ಲ. ಯಾರ ಪಾಲೂ ಅಲ್ಲದ, ಎಷ್ಟು ಸುರಿದರೂ ತೀರದ ನೀರು ಹೊಳೆಯದು. ಮರುದಿನದಿಂದ ಅವರು ಬೆಳ್ಯಪ್ಪನವರ ಪಿಕಪ್ ಹತ್ತಿದರು. ಬೆಳ್ಯಪ್ಪ ಪಕ್ಕದ ತೋಟದ ಗೌಡರು. ದುಬಾರೆಯ ಹತ್ತಿರ ಕಾವೇರಿ ದಂಡೆಯಲ್ಲಿ ಅವರಿಗೆ ಇನ್ನೊಂದು ತೋಟವಿದ್ದು, ಪಂಪ್ ನೋಡಲು ದಿನಾ ಮಧ್ಯಾಹ್ನ ಹೋಗಿಬರುತ್ತಿದ್ದರು. ಕಾರಣ ಕೇಳಿ, “ಮೂತಿ ತೊಳೆಯಕ್ಕೆ ಹೊಳೆಗೆ ಬರೋ ಜನಾನ ನಾನು ನಿನ್ನನ್ನೇ ಕಂಡದ್ದು ಮಾರಾಯ” ಎಂದರು. ಆದರೂ ಕರೆದುಕೊಂಡು ಹೋದರು.

ಹೊಳೆಯಲ್ಲಿ ಬಂಡೆಗಳೇ ಎದ್ದು ಕಾಣುತ್ತಿದ್ದವು. ನಡುವಿನ ಸೀಳಿನಲ್ಲಿ ಮಾತ್ರ ನೀರು ಹರಿಯುತ್ತಿತ್ತು. ಹರಿಯುತ್ತಿತ್ತಲ್ಲ, ಅಷ್ಟು ಸಾಕಾಗಿತ್ತು. ಸೂಪಿಕ್ಕ ಪಂಚೆ ಮೇಲೆ ಕಟ್ಟಿ, ಚಪ್ಪಟೆ ಕಲ್ಲೊಂದರ ಮೇಲೆ ಕೂತು, ಮನಸ್ಸು ತೃಪ್ತಿಯಾಗುವವರೆಗೆ ವುಳೂ ಮಾಡಿದರು. ಸ್ವಲ್ಪ ಆಚೆ, ಆನೆ ಕ್ಯಾಂಪಿನ ಮಾವುತ ಜವರ ತನ್ನ ಆನೆಯನ್ನು ಮಲಗಿಸಿ ಕಲ್ಲಿನಿಂದ ಉಜ್ಜುತ್ತಿದ್ದ. ಬಂದದ್ದು ಸೂಪಿಕ್ಕ ಮೊದಲು, ಆನೆ ಆಮೇಲೆ. ಮುಗಿಸಿ ಹೊರಟದ್ದು ಆನೆ ಮೊದಲು. ಹೋಗುವಾಗ ಜವರ ನಿಂತು, “ಯಜಮಾನ್ರೆ, ಕೊಳೆ ಭಾಳ ಐತಾ?” ಎಂದು ನಿಜವಾದ ಕನಿಕರದಿಂದ ಕೇಳಿದ.

ವಾರವಿಡೀ ಹೀಗೇ ನಡೆಯಿತು. ಇಳಿಹೊತ್ತಿನ ಅಸರ್ ನಮಾಝ್ ಹೊಳೆ ದಂಡೆಯಲ್ಲೇ. ಸೂರ್ಯ ಮುಳುಗಿದ ಮೇಲಿನ ಮಗ್ರಿಬಿಗೆ ಅದೇ ವುಳೂ ಮುರಿಯದಂತೆ ಇಟ್ಟುಕೊಂಡು ಪಿಕಪ್ಪಿನಲ್ಲಿ ಅಲುಗಾಡದೆ ಕೂತು ಬರುತ್ತಿದ್ದರು. ಸೂಪಿಕ್ಕನಿಗೆ ಹೆಮ್ಮೆಯಾಗಿತ್ತು. ಉಪದೇಶ ಕೇಳಿ ಪಾಲಿಸಿದವನು ಇಡೀ ಊರಿನಲ್ಲಿ ತಾನೊಬ್ಬನೇ ಎಂದುಕೊಂಡರು. ಒಂದು ಸಂಜೆ ಮೊಯ್ದುವಿಗೆ ಅದನ್ನು ಹೇಳಿಯೂಬಿಟ್ಟರು.

ಮೊಯ್ದು ಅಂಗಳ ಗುಡಿಸುವುದನ್ನು ನಿಲ್ಲಿಸಿದ. “ನೀನು ಆವತ್ತು ಮಧ್ಯದಲ್ಲಿ ಎದ್ದು ಹೋದವನಲ್ವಾ?”

“ಹಿಮ್ಮಡಿ ಒಣಗಿತ್ತು.”

“ಉಸ್ತಾದ್ ಆಮೇಲೆ ಹೇಳಿದ್ದು ನಿನಗೆ ಗೊತ್ತಿಲ್ಲ. ಪ್ರವಾದಿ ನೆಬಿಯ ಒಬ್ರು ಸಂಗಾತಿ ವುಳೂಗೆ ನೀರು ಜಾಸ್ತಿ ಸುರೀತಾ ಇದ್ರಂತೆ. ಇದೆಂತ ದುಂದು ಅಂತ ನೆಬಿ ಕೇಳಿದ್ರು. ವುಳೂಲೂ ದುಂದು ಉಂಟಾ ಅಂದ್ರು ಅವ್ರು. ನೆಬಿ ಹೇಳಿದ್ರು, ಉಂಟು, ನೀನು ಹರಿಯೋ ಹೊಳೆ ದಂಡೇಲಿ ಕೂತಿದ್ರೂ ಉಂಟು ಅಂತ.” ಮೊಯ್ದು ಮತ್ತೆ ಗುಡಿಸತೊಡಗಿದ. “ಹೊಳೆ ಅಂತಾನೇ ಹೇಳಿದ್ರು ಸೂಪಿ. ನಿನ್ನ ಹೆಸರೊಂದು ಹೇಳಲಿಲ್ಲ.”

ಸೂಪಿಕ್ಕ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು. ಆಮೇಲೆ ಉಸ್ತಾದರ ಕೋಣೆಗೆ ಹೋಗಿ ವಾದ ಮಾಡಿದರು. “ಹೊಳೆ ನೀರು ಯಾರದ್ದೂ ಅಲ್ಲ ಉಸ್ತಾದೇ. ನಾನು ತೊಳೆದದ್ದು ವಾಪಸ್ ಹೊಳೆಗೇ ಹೋಗ್ತದೆ. ಯಾರಿಗೆ ನಷ್ಟ?”

“ನೀರು ಕಮ್ಮಿ ಅಂತ ಮಾತ್ರ ಹೇಳಿದ್ದಲ್ಲ ಸೂಪಿಕ್ಕ,” ಎಂದರು ಉಸ್ತಾದ್. “ಅಲ್ಲಾಹು ಕೊಟ್ಟದ್ದನ್ನ ಬೇಕಾದಷ್ಟು ತಗೊಂಡು ನಿಲ್ಲಿಸೋಕೆ ಕಲೀಬೇಕು. ಬಾವಿ ತುಂಬಿದ್ರೂ ಅಷ್ಟೇ, ಹೊಳೆ ಹರಿದ್ರೂ ಅಷ್ಟೇ.” ಎದ್ದು, ಮೂಲೆಯಲ್ಲಿದ್ದ ಒಂದು ಹಿತ್ತಾಳೆ ಕಿಂಡಿ ತಂದು ಕೊಟ್ಟರು. ಮೂತಿ ಇರುವ ಹಳೇ ಕಾಲದ ಚೆಂಬು ಅದು. “ಇದೊಂದು ಕಿಂಡಿ ನೀರಲ್ಲಿ ವುಳೂ ಮುಗಿಸಿ ನೋಡಿ. ನೆಬಿಗೆ ಇದಕ್ಕಿಂತ ಕಮ್ಮಿ ಸಾಕಾಗ್ತಿತ್ತು.”

ಸೂಪಿಕ್ಕ ಮನೆಯಲ್ಲಿ ಪ್ರಯತ್ನಿಸಿದರು. ಬಲಗೈ ಮುಗಿಯುವಾಗ ಕಿಂಡಿ ಖಾಲಿ. ಮತ್ತೆ ತುಂಬಿಸಿದರು, ಎಡಗೈಗೆ ಅದೂ ಖಾಲಿ. ಬೀಪಾತು ಅಡುಗೆಮನೆಯಿಂದ ನೋಡಿ, “ಮೊದ್ಲು ಒಂದು ನಲ್ಲಿ ಬಿಡ್ತಿದ್ರಿ, ಈಗ ನಲ್ಲೀನೂ ಕಿಂಡೀನೂ” ಎಂದಳು. ಕಿಂಡಿಯನ್ನು ಮಸೀದಿಗೆ ತಂದು ಹೌಳಿನ ಹತ್ತಿರ ಇಟ್ಟು, “ನನ್ನ ಕೈಲಾಗಲ್ಲ ಮೊಯ್ದು” ಎಂದರು.

“ಆಗ್ತದೆ. ನಾನು ಪಕ್ಕದಲ್ಲಿ ನಿಲ್ತೀನಿ. ಸಾಕು ಅಂದಾಗ ನಿಲ್ಸು.”

“ನೀನು ಇಲ್ಲದಾಗ?”

“ನಾನು ಎಲ್ಲಿಗೆ ಹೋಗ್ತೀನಿ?” ಎಂದ ಮೊಯ್ದು. “ಹೋದ್ರೂ ನನ್ನನ್ನ ನೀನೇ ತೊಳಿ. ನೀನು ತೊಳೆದ್ರೆ ಎಂತದೂ ಬಾಕಿ ಉಳಿಯಲ್ಲ. ಅಲ್ಲಿ ಲೆಕ್ಕ ಕೇಳೋವ್ರಿಗೂ ಕೆಲ್ಸ ಕಮ್ಮಿ.” ಕೇಳಿಸಿಕೊಂಡ ಉಸ್ತಾದರೂ ನಕ್ಕರು.

ಮೊಯ್ದು ಪಕ್ಕದಲ್ಲಿ ನಿಂತ ದಿನ ವುಳೂ ಬೇಗ ಮುಗಿಯುತ್ತಿತ್ತು. ಒಮ್ಮೆಯಂತೂ ಎರಡನೇ ಸಾಲಿನವರೆಗೂ ಮುಟ್ಟಿದರು. ಹೀಗೆ ರಜಬ್ ತಿಂಗಳು ಹೋಯಿತು, ಶಅಬಾನೂ ಬಂತು. ಮಳೆ ಮಾತ್ರ ಬರಲಿಲ್ಲ. ಬಾವಿಯಲ್ಲಿ ಒಂದು ಹೊತ್ತಿಗೆ ಹೌಳು ಅರ್ಧ ತುಂಬುವಷ್ಟು ನೀರು ಊರಿದರೆ ಹೆಚ್ಚು.

ಒಂದು ಬೆಳಗಿನ ಸುಬ್ಹಿಗೆ ಬಾಂಗ್ ಕೂಗಿದ್ದು ಉಸ್ತಾದ್. ಮೊಯ್ದುವಿಗೆ ಎದೆ ಉರಿ, ಮಲಗಿದ್ದಾನೆ ಎಂದರು. ಕಿಂಡಿ ಅಲ್ಲೇ ಇತ್ತು. ಪಕ್ಕದಲ್ಲಿ ನಿಲ್ಲುವವನು ಇರಲಿಲ್ಲ. ಸೂಪಿಕ್ಕ ಕಿಂಡಿ ತುಂಬಿಸಿದರು, ಮತ್ತೆ ತುಂಬಿಸಿದರು. ಉಳಿದವರು ವುಳೂ ಮಾಡಿ ಒಳಗೆ ಹೋದರು. ಮೊಯ್ದುವಿನ ಎದೆ ಉರಿಯ ಚಿಂತೆಯಲ್ಲಿ ಎಷ್ಟನೇ ಸಲ ಎಂಬುದು ತಪ್ಪಿಹೋಗುತ್ತಿತ್ತು. ತಪ್ಪಿದಾಗಲೆಲ್ಲ ಮೊದಲಿನಿಂದ. ನಮಾಝ್ ಮುಗಿಸಿ ಜನ ಹೊರಗೆ ಬಂದಾಗಲೂ ಸೂಪಿಕ್ಕ ಕಟ್ಟೆಯ ಮೇಲೇ ಇದ್ದರು. ಹೌಳಿನ ತಳದಲ್ಲಿ ಪಾಚಿ ಕಾಣುತ್ತಿತ್ತು.

ಬಿಸಿಲು ಏರುವ ಮೊದಲು ಮೊಯ್ದು ತೀರಿಕೊಂಡ.

ಪಂಪ್ ಹಾಕಿದರೆ ಗಾಳಿ ಬಂತು, ಆಮೇಲೆ ಕೆಸರು ಬಂತು. ಮಯ್ಯತ್ತಿನ ಸ್ನಾನಕ್ಕೆ ಹೌಳಿನಲ್ಲಿ ನೀರಿಲ್ಲ ಎಂದು ಯಾರೋ ಹೇಳಿದರು. ಅದು ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಸೂಪಿಕ್ಕ ಮೊಯ್ದುವಿನ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದರು. ಒಳಗೆ ಹೋಗಲು ಮುಖವಿರಲಿಲ್ಲ. ಊರಿಗೆಲ್ಲ ನೀರು ತುಂಬಿಸಿಟ್ಟವನಿಗೆ ಕೊನೆಯ ಸ್ನಾನದ ನೀರನ್ನು ತಾನೇ ಚರಂಡಿಗೆ ಬಿಟ್ಟೆ ಎಂದು ತಿಳಿದಾಗ, ತಾನೂ ಸತ್ತರೆ ವಾಸಿ ಅನ್ನಿಸಿತು.

ಸುದ್ದಿ ಕೇಳಿ ಬೆಳ್ಯಪ್ಪ ಪಿಕಪ್ಪಿನಲ್ಲಿ ಒಂದು ಡ್ರಮ್ ನೀರು ಹಾಕಿಕೊಂಡು ಬಂದರು. ಕರೆಂಟ್ ಹೋಗುವ ಮೊದಲು ಪಂಪ್ ಎತ್ತಿದ್ದು ಅಷ್ಟೇ, ಇನ್ನು ಸಂಜೆಗೇ ಎಂದರು. ಕಾವೇರಿಯ ನೀರು. ಒಂದು ಮಯ್ಯತ್ತಿಗೆ ಒಂದು ಡ್ರಮ್ಮಿನಲ್ಲಿ ಸ್ನಾನ ಮುಗಿಸಬಹುದು, ಹಿಡಿತ ಇದ್ದವರು ಮಾಡಿಸಿದರೆ.

ಊರಿನಲ್ಲಿ ಯಾವ ಗಂಡಸು ಸತ್ತರೂ ಸ್ನಾನ ಮಾಡಿಸುತ್ತಿದ್ದವನು ಮೊಯ್ದು. ಈಗ ಮಲಗಿರುವವನೇ ಅವನು. ಯಾರು ಮಾಡಿಸುವುದು ಎಂದು ಮಸೀದಿ ಕಮಿಟಿಯವರು ಮುಖ ಮುಖ ನೋಡಿಕೊಂಡಾಗ ಉಸ್ತಾದ್ ಹೇಳಿದರು: “ಅವರು ಹೇಳಿ ಹೋಗಿದ್ದಾರೆ. ಸೂಪಿಕ್ಕ ತೊಳೀಬೇಕು ಅಂತ.”

ಅಧ್ಯಕ್ಷರು ಡ್ರಮ್ಮನ್ನು ನೋಡಿದರು, ಸೂಪಿಕ್ಕನನ್ನು ನೋಡಿದರು, ಮತ್ತೆ ಡ್ರಮ್ಮನ್ನು ನೋಡಿದರು. “ಉಸ್ತಾದೇ, ಅದು ತಮಾಷೆಗೆ ಹೇಳಿದ್ದು.”

“ಹೇಗೆ ಹೇಳಿದ್ರೂ ವಸಿಯ್ಯತ್ ವಸಿಯ್ಯತ್ತೇ, ಸತ್ತವರ ಮಾತು ನಡೆಸ್ಬೇಕು,” ಎಂದರು ಉಸ್ತಾದ್. “ನಾನು ನೀರು ಹಾಕ್ತೀನಿ.”

“ಬೆಳ್ಯಪ್ಪಣ್ಣ, ಇನ್ನೊಂದು ಡ್ರಮ್ ಸಿಗಬಹುದಾ?” ಎಂದು ಅಧ್ಯಕ್ಷರು ತಗ್ಗಿದ ದನಿಯಲ್ಲಿ ಕೇಳಿದ್ದು ಸೂಪಿಕ್ಕನಿಗೆ ಕೇಳಿಸಿತು. ಅವರಿಗೆ ಕೋಪ ಬರಲಿಲ್ಲ. ಆ ಪ್ರಶ್ನೆ ಅವರದೂ ಆಗಿತ್ತು.

ಅಂಗಳದ ಮೂಲೆಯಲ್ಲಿ ಬಟ್ಟೆ ಮರೆ ಕಟ್ಟಿದರು. ಒಳಗೆ ಮೊಯ್ದು, ಸೂಪಿಕ್ಕ, ಉಸ್ತಾದ್, ಡ್ರಮ್ಮು, ಒಂದು ಮಗ್ಗು. ಉಸ್ತಾದ್ ಮೆಲ್ಲಗೆ ನೀರು ಬಿಟ್ಟರು. ಸೂಪಿಕ್ಕ ಸಾಬೂನು ಹಚ್ಚಿ ತಲೆ ತೊಳೆದರು, ಗಡ್ಡ ತೊಳೆದರು, ಬಲಭಾಗ, ಎಡಭಾಗ. ಒಂದು ಸಲ ಆಯಿತು. ಎರಡನೇ ಸಲ ಬರೀ ನೀರಿನಲ್ಲಿ. ಮೂರನೇ ಸಲದ ನೀರಿಗೆ ಉಸ್ತಾದ್ ಕರ್ಪೂರ ಪುಡಿ ಮಾಡಿ ಹಾಕಿದರು. ಕೊನೆಗೆ ಸೂಪಿಕ್ಕನ ಕೈ ಎಡಗಾಲಿನ ಹಿಮ್ಮಡಿಗೆ ಬಂತು. ಇಡೀ ಜೀವಮಾನ ಹೌಳಿನ ಒದ್ದೆಯಲ್ಲಿ ನಿಂತು ನಿಂತು ಬಿರಿದ ಹಿಮ್ಮಡಿ. ಆ ಬಿರುಕುಗಳಿಗೆಲ್ಲ ನೀರು ಹೋಯಿತೇ ಎಂದು ಸೂಪಿಕ್ಕ ಬಗ್ಗಿ ನೋಡಿದರು. ಬೆರಳಿನಿಂದ ಮುಟ್ಟಿ ನೋಡಿದರು. ಉಸ್ತಾದ್ ಮಗ್ಗನ್ನು ಮತ್ತೆ ಅದ್ದಿ ಹಿಡಿದು ನಿಂತರು.

ಹಿಮ್ಮಡಿ ಒದ್ದೆಯಾಗಿತ್ತು. ಅದರಲ್ಲಿ ಅನುಮಾನವೇ ಇರಲಿಲ್ಲ. ಸೂಪಿಕ್ಕ ಅನುಮಾನಕ್ಕಾಗಿ ಸ್ವಲ್ಪ ಹೊತ್ತು ಕಾದರು, ಬರಲಿಲ್ಲ.

“ಸಾಕು,” ಎಂದರು. “ಸಾಕು ಮೊಯ್ದು. ಆಯ್ತು. ನಾನು ನೋಡಿದ್ದೀನಿ.”

ಆಮೇಲೆ ಗೆಳೆಯನ ಕಾಲು ಹಿಡಿದುಕೊಂಡು ಮಗುವಿನ ಹಾಗೆ ಅತ್ತರು. ಉಸ್ತಾದ್ ಮಗ್ಗಿನ ನೀರನ್ನು ಹಾಗೇ ಡ್ರಮ್ಮಿಗೆ ಸುರಿದರು.

ಬಿಳಿ ಕಫನ್ ಬಟ್ಟೆ ಹೊದಿಸಿ ಮಯ್ಯತ್ತನ್ನು ಒಳಗೆ ತಂದಿಟ್ಟರು. ಉಸ್ತಾದ್ ಡ್ರಮ್ಮಿನಿಂದ ಕಿಂಡಿ ತುಂಬಿಸಿ ಸೂಪಿಕ್ಕನ ಕೈಗೆ ಕೊಟ್ಟು, ಹಿಂತಿರುಗಿ ನೋಡದೆ ಒಳಗೆ ಹೋದರು. ಸೂಪಿಕ್ಕ ಕಟ್ಟೆಯ ಮೇಲೆ ಕೂತು ಕೈ ತೊಳೆದರು, ಬಾಯಿ ಮುಕ್ಕಳಿಸಿದರು, ಮುಖ, ಮೊಣಕೈ, ತಲೆ, ಕಾಲು. ಸಂಶಯ ಬಂತು, ಬರದೆ ಇರಲಿಲ್ಲ. ಒಳಗೆ ಸಾಲು ಕಟ್ಟುವ ಸದ್ದು ಕೇಳಿಸಿತು. ಕಿಂಡಿಯಲ್ಲಿ ಇನ್ನೂ ನೀರಿತ್ತು. ಅದನ್ನು ಅಲ್ಲೇ ಇಟ್ಟು ಎದ್ದರು. ಮೊದಲ ಸಾಲಿನಲ್ಲಿ ಯಾರೋ ಸರಿದು ಜಾಗ ಬಿಟ್ಟರು. ಉಸ್ತಾದ್ ಕೈ ಎತ್ತಿ ತಕ್ಬೀರ್ ಹೇಳಿದಾಗ ಸೂಪಿಕ್ಕನೂ ಜೊತೆಗೇ ಕೈ ಎತ್ತಿದರು. ಕೈ ಕಟ್ಟಿದ ಮೇಲೆ ಅವರಿಗೆ ಗೊತ್ತಾಯಿತು, ಮೊದಲ ತಕ್ಬೀರ್ ಸಿಕ್ಕಿತೆಂದು. ಓಡಿ ಹೋಗಿ ಹೇಳಬೇಕಾದವನು ಎದುರಿಗೇ ಮಲಗಿದ್ದ.

ಖಬರಸ್ತಾನದಲ್ಲಿ ಊರಿನವರ ಪುಣ್ಯದ ಗಿಡಗಳ ನಡುವೆ ಜಾಗ ಹುಡುಕುವುದು ಕಷ್ಟವಾಯಿತು. ಕೊನೆಗೆ ಒಂದು ನೇರಳೆ ಸಸಿಯ ಪಕ್ಕದಲ್ಲಿ ತೋಡಿದರು. ಮಣ್ಣು ಮುಚ್ಚಿದ ಮೇಲೆ ಗೋರಿಗೆ ಹಸಿರು ಕೊಂಬೆ ಊರುವುದು ಪದ್ಧತಿ. ಯಾರೋ ಕತ್ತಿ ಹಿಡಿದು ಕೊಂಬೆ ಹುಡುಕಲು ಹೊರಟರು. ಬೇರು ಸಮೇತ ಇರುವುದು ಇಲ್ಲೇ ಉಂಟಲ್ಲ, ಕಡಿಯುವುದು ಯಾಕೆ ಎಂದು ಉಸ್ತಾದ್ ತಡೆದರು.

ಜನ ಚದುರಿದ ಮೇಲೆ ಬೆಳ್ಯಪ್ಪ ಡ್ರಮ್ಮನ್ನು ಪಿಕಪ್ಪಿಗೆ ಏರಿಸಲು ಬಗ್ಗಿದರು. ಖಾಲಿ ಎಂದುಕೊಂಡು ಎತ್ತಿದ್ದು, ಭಾರಕ್ಕೆ ಕೈ ಜಾರಿತು. ಮುಚ್ಚಳ ತೆಗೆದು ನೋಡಿದರು. ಕರ್ಪೂರದ ವಾಸನೆ ಬಂತು.

“ಇದ್ರಲ್ಲಿ ಇನ್ನೂ ನೀರ್ ಉಟ್ಟಲಾ!” ಎಂದು ಅವರ ಅರೆಭಾಷೆಯೇ ಬಾಯಿಗೆ ಬಂತು. ಸೂಪಿಕ್ಕನನ್ನು ಮೇಲಿಂದ ಕೆಳಗೆ ನೋಡಿದರು. “ತೊಳೆದದ್ದು ನೀನೇ ಅಲ್ವಾ? ಸಾಕು ಅಂತ ಹೇಳಿದ್ದು ಯಾರು ಮಾರಾಯ?”

“ಇನ್ಯಾರು ಹೇಳ್ತಾರೆ?” ಎಂದರು ಸೂಪಿಕ್ಕ. ಡ್ರಮ್ಮಿನ ಒಂದು ಬದಿ ತಾವು ಹಿಡಿದು, ಇನ್ನೊಂದು ಬದಿ ಬೆಳ್ಯಪ್ಪನ ಕೈಯಲ್ಲಿ ಹಿಡಿಸಿ, ಗೋರಿಯ ಪಕ್ಕದ ನೇರಳೆ ಸಸಿಯ ಬುಡಕ್ಕೆ ಬಗ್ಗಿಸಿದರು.